ಹಳೇ ಗಾಡಿ ಕೊಳ್ಳುವ ಮುಂಚೆ ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ

ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಒಂದೂಕಾಲು ಕಿಲೋಮೀಟರ್. ಅದರಲ್ಲಿ ಸುಮಾರು ಮುನ್ನೂರು ಮೀಟರ್ ಕಡಿದಾದ ಏರು, ಬರೀ ಮಣ್ಣು. ಹೆತ್ತೂರು ಕಡೆಯ ಮಳೆ ಗೊತ್ತಿದ್ದವರಿಗೆ ಜೂನ್ ತಿಂಗಳಲ್ಲಿ ಆ ಏರು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷ ಒಂದು ಹಳೇ ಜೀಪಿನಲ್ಲಿ ಹತ್ತಿ ಇಳಿದೆವು. ಜೀಪು ಗಟ್ಟಿಯೇ. ಆದರೆ ಅಪ್ಪನಿಗೆ ಎಪ್ಪತ್ತೆಂಟಾಯಿತು, ಹಾಸನಕ್ಕೆ ಡಾಕ್ಟರ ಹತ್ತಿರ ಹೋಗಿ ಬಂದರೆ ಎರಡು ದಿನ ಸೊಂಟ ಹಿಡಿದುಕೊಳ್ಳುತ್ತಿತ್ತು. ‘ಟಾರ್ಪಾಲು ಒಳಗೆ ನೆನ್ಕಂಡು ಹೋಗೋದು ಸಾಕು ಕಣ್ರೀ, ಬಾಗಿಲಿರೋ ಗಾಡಿ ತನ್ನಿ’ ಅಂತ ಮನೆಯವಳೂ ಹೇಳತೊಡಗಿದಳು. ಹೊಸದಕ್ಕೆ ನಾಲ್ಕು ಎಕರೆ ಕಾಫಿಯವನ ಕೈ ಎಟುಕುವುದಿಲ್ಲ. ಕೂಡಿಟ್ಟಿದ್ದ ಕಾಳುಮೆಣಸು ಮಾರಿದೆ, ಕಿಲೋಗೆ ಐನೂರರ ಹತ್ತಿರ ಬಂತು. ಸೊಸೈಟಿಯಿಂದ ಸ್ವಲ್ಪ ಸಾಲ ಸೇರಿಸಿದೆ. 2022ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ, ಒಬ್ಬ ವ್ಯಾಪಾರಿಯ ಹತ್ತಿರ 5 ಲಕ್ಷ 40 ಸಾವಿರಕ್ಕೆ ಒಂದು ಸಣ್ಣ ಎಸ್‌ಯುವಿ ತಂದೆ. ಯಾವ ಕಂಪನಿಯದ್ದು, ಯಾರ ಹತ್ತಿರ ಅನ್ನುವುದು ಇಲ್ಲಿ ಬೇಡ. ತಪ್ಪು ಗಾಡಿಯ ಮಾದರಿಯದ್ದಲ್ಲ, ನೋಡದೆ ಕೊಂಡ ನನ್ನದು.

ನೋಡದೆ ಅಂದರೆ ನೋಡಿದ್ದೆ. ಬಣ್ಣ ನೋಡಿದೆ, ಟೈರು ನೋಡಿದೆ, ಎರಡು ಸುತ್ತು ಓಡಿಸಿದೆ, ಏಸಿ ತಣ್ಣಗೆ ಬರುತ್ತಿತ್ತು. ಒಳಗೆ ಒಳ್ಳೇ ಪರಿಮಳ. ಆ ಪರಿಮಳವೇ ನನ್ನನ್ನು ಎಚ್ಚರಿಸಬೇಕಿತ್ತು.

ಐದಾರು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಮಧ್ಯೆ ಮಧ್ಯೆ ಒಂದು ಕಿಟಕಿ ಕೆಲಸ ಮಾಡುತ್ತಿರಲಿಲ್ಲ, ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಆರುತ್ತಿತ್ತು. ಸೆನ್ಸರ್ ಇರಬೇಕು ಅಂತ ಬಿಟ್ಟೆ. 2023ರ ಜೂನ್ ಕೊನೆಗೆ ಒಂದು ರಾತ್ರಿ ಅಪ್ಪನಿಗೆ ಉಸಿರು ಕಟ್ಟಿದಂತಾಯಿತು. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆವು. ಮಣ್ಣಿನ ಏರು ಹತ್ತಿದ್ದಾಯಿತು, ಡಾಂಬರಿಗೆ ಬಂದು ಮೂರು ಕಿಲೋಮೀಟರ್ ದಾಟಿದ್ದಾಯಿತು. ತಿರುವಿನಲ್ಲಿ ಇಂಜಿನ್ ನಿಂತಿತು. ದೀಪವೂ ಹೋಯಿತು. ಕೀ ತಿರುಗಿಸಿದರೆ ಸದ್ದೇ ಇಲ್ಲ. ಮಳೆ ಹೊಯ್ಯುತ್ತಿದೆ, ಸಾಯಂಕಾಲವಷ್ಟೇ ಆ ಕಡೆ ಆನೆ ಇವೆ ಅಂತ ಸುದ್ದಿ ಬಂದಿತ್ತು. ಪಕ್ಕದ ತೋಟದವರಿಗೆ ಫೋನ್ ಸಿಕ್ಕಿ, ಅವರ ಪಿಕಪ್ ಬರುವ ಹೊತ್ತಿಗೆ ನಲವತ್ತು ನಿಮಿಷ. ಅಪ್ಪ ಉಳಿದರು. ಆ ನಲವತ್ತು ನಿಮಿಷ ಮನೆಯವಳು ಅವರ ಎದೆ ನೀವುತ್ತಾ ನನ್ನ ಮುಖ ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ.

ಗಾಡಿಯನ್ನು ಸಕಲೇಶಪುರಕ್ಕೆ ಎಳೆದು ತಂದ ಮೇಲೆ ನಮ್ಮ ಮೆಕ್ಯಾನಿಕ್ಕು ಬಾನೆಟ್ ತೆಗೆಯಲೇ ಇಲ್ಲ. ಒಳಗೆ ಕೂತು ಡ್ರೈವರ್ ಸೀಟಿನ ಬೆಲ್ಟನ್ನು ಪೂರ್ತಿ, ಕೊನೇ ಮೊಳದ ತನಕ ಎಳೆದ. ಕೊನೆಯ ಒಂದಡಿ ಬೂದು ಬಣ್ಣ, ಅಂಚಿನಲ್ಲಿ ಕೆಸರಿನ ಗೆರೆ. ‘ಗೌಡ್ರೆ, ಇದು ನೀರಲ್ಲಿ ಮುಳುಗಿದ್ದ ಗಾಡಿ’ ಅಂದ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ನೆಲಮಾಳಿಗೆಗಳಲ್ಲಿ ನೀರು ತುಂಬಿ ಕಾರುಗಳು ಮುಳುಗಿದ್ದು ಓದುಗರಿಗೆ ನೆನಪಿರಬಹುದು. ನನ್ನದು ಅಲ್ಲಿಯದೇ ಅಂತ ಹೇಳಲು ನನ್ನ ಹತ್ತಿರ ದಾಖಲೆ ಇಲ್ಲ. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ, ಕೊಡಗು ಹೀಗೆ ಮುಳುಗಿದ ಗಾಡಿಗಳು ಎಲ್ಲೆಲ್ಲೂ ಹಂಚಿಹೋಗಿವೆ.

ಮುಳುಗಿದ ಗಾಡಿ ಐದು ತಿಂಗಳು ಚೆನ್ನಾಗಿ ಓಡಿ ಆಮೇಲೆ ಯಾಕೆ ಕೈ ಕೊಡುತ್ತದೆ? ಇದು ನನಗೆ ಅರ್ಥವಾಗಲು ಅವನು ಒಂದು ವೈರಿನ ಜೋಡಣೆ ಬಿಚ್ಚಿ ತೋರಿಸಬೇಕಾಯಿತು. ಈಗಿನ ಗಾಡಿಗಳಲ್ಲಿ ವೈರಿನ ದೊಡ್ಡ ಕಟ್ಟು ಕಾಲಡಿಯ ಕಾರ್ಪೆಟ್ ಕೆಳಗೆ ಹೋಗುತ್ತದೆ. ಏರ್‌ಬ್ಯಾಗಿನ ಪೆಟ್ಟಿಗೆಯೂ ಗೇರ್ ಲಿವರಿನ ಆಸುಪಾಸು, ನೆಲಕ್ಕೆ ಹತ್ತಿರ. ಕೊಳಚೆ ನೀರು ಆ ಜೋಡಣೆಗಳ ಒಳಗೆ ಹೋದರೆ ಹೊರಗಿನಿಂದ ಒರೆಸಿ, ಬಿಸಿಗಾಳಿ ಬಿಟ್ಟು ಒಣಗಿಸುತ್ತಾರೆ. ಒಳಗೆ ತಾಮ್ರದ ಪಿನ್ನುಗಳ ಮೇಲೆ ಹಸಿರು ಕಿಲುಬು ನಿಧಾನವಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ ತೊಂದರೆ ಕಾಣುವುದಿಲ್ಲ. ಮಲೆನಾಡಿನ ಮೊದಲ ಮಳೆಗೆ ತೇವ ಸಿಕ್ಕಿದ ಕೂಡಲೇ ಅಲ್ಲೊಂದು ಇಲ್ಲೊಂದು ಸಂಪರ್ಕ ತಪ್ಪುತ್ತದೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ. 1 ಲಕ್ಷ 12 ಸಾವಿರ ಸುರಿದ ಮೇಲೆ ನಾನು ಕೈಬಿಟ್ಟೆ.

ಹಾಗಾಗಿ ಮೊದಲ ಪರೀಕ್ಷೆ ನೀರಿನದ್ದೇ. ಐದೂ ಸೀಟ್ ಬೆಲ್ಟು ಪೂರ್ತಿ ಎಳೆಯಿರಿ. ಬೆಲ್ಟಿನ ಬುಡದಲ್ಲಿ ಹೊಲಿದಿರುವ ಚೀಟಿಯಲ್ಲಿ ಸಾಮಾನ್ಯವಾಗಿ ತಯಾರಾದ ತಾರೀಕು ಇರುತ್ತದೆ. ಗಾಡಿ 2017ರದ್ದು, ಬೆಲ್ಟು 2022ರದ್ದು ಅಂದರೆ ಯಾಕೆ ಬದಲಾಯಿಸಿದ್ದು ಅಂತ ಕೇಳಿ. ಡಿಕ್ಕಿಯ ಚಾಪೆ ಎತ್ತಿ, ಸ್ಟೆಪ್ನಿ ತೆಗೆದು, ಆ ಗುಂಡಿಯ ಮೂಲೆಯಲ್ಲಿ ಬೆರಳಾಡಿಸಿ. ನಯವಾದ ಮೆಕ್ಕಲು ಮಣ್ಣು ಸಿಕ್ಕಿದರೆ ಅಲ್ಲಿಗೆ ಮಾತು ಮುಗಿಯಿತು. ಸೀಟು ಹಿಂದೆ ಮುಂದೆ ಸರಿಯುವ ಕಂಬಿ, ಸೀಟಿನ ಬೋಲ್ಟು ತುಕ್ಕು ಹಿಡಿದಿವೆಯಾ ನೋಡಿ. ಗಾಡಿಯೊಳಗಿನ ಬೋಲ್ಟಿಗೆ ತುಕ್ಕು ಬರುವ ಕಾರಣ ಸಾಮಾನ್ಯವಾಗಿ ಇಲ್ಲ. ಒಳಗೆ ವಿಪರೀತ ಪರಿಮಳ ಹೊಡೆದಿದ್ದರೆ ಕಿಟಕಿ ಮುಚ್ಚಿ, ಏಸಿ ಹಾಕದೆ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಮೂಸಿ. ಹಳೇ ಗೋಣಿಚೀಲದ ವಾಸನೆ ಮುಚ್ಚಿಡಲು ಆಗುವುದಿಲ್ಲ.

ಇನ್ನೊಂದು ಉಪಾಯ ಕಾಗದದಲ್ಲಿದೆ. ಹಿಂದಿನ ಇನ್ಶೂರೆನ್ಸ್ ಪಾಲಿಸಿ ಕೇಳಿ ತೆಗೆದುಕೊಳ್ಳಿ. ಕ್ಲೈಮ್ ಮಾಡದೆ ಬಂದವರಿಗೆ ವರ್ಷ ವರ್ಷ ರಿಯಾಯಿತಿ ಏರುತ್ತದೆ: 20, 25, 35, 45, ಐದು ವರ್ಷಕ್ಕೆ ಶೇಕಡಾ 50. ಒಬ್ಬರೇ ಮಾಲೀಕರ ಕೈಲಿ ಆರು ವರ್ಷ ಇದ್ದ ಗಾಡಿಗೆ ಈ ರಿಯಾಯಿತಿ ಸೊನ್ನೆ ಅಂತಿದ್ದರೆ, ಹಿಂದಿನ ವರ್ಷ ಕ್ಲೈಮ್ ಆಗಿದೆ ಅಥವಾ ಪಾಲಿಸಿ ಬಿಟ್ಟುಹೋಗಿತ್ತು. ಎರಡರಲ್ಲಿ ಯಾವುದು ಅಂತ ಕೇಳಬೇಕು. ಈ ರಿಯಾಯಿತಿ ಗಾಡಿಯದ್ದಲ್ಲ, ಮಾಲೀಕನದ್ದು. ಗಾಡಿ ಈಚೆಗೆ ಕೈ ಬದಲಾಗಿದ್ದರೆ ಸೊನ್ನೆ ಇರುವುದು ಸಹಜ.

ನೋಡಲು ಜೀಪು, ಎಳೆಯುವುದು ಮುಂದಿನ ಚಕ್ರ

2024-25ರಲ್ಲಿ ಕಾಫಿಗೆ ಕಂಡರಿಯದ ಬೆಲೆ ಬಂತು. ನಮ್ಮಲ್ಲಿ ಬಹಳ ಜನ ಹಳೇ ಗಾಡಿ ಹುಡುಕಿಕೊಂಡು ಹೊರಟರು, ನಾನೂ ಒಬ್ಬ. ಮಾರುವವರಿಗೂ ಅದು ಗೊತ್ತಾಗಿತ್ತು. ‘ಪ್ಲಾಂಟರ್ಸಾ ಸಾರ್? ಬನ್ನಿ ಬನ್ನಿ’ ಅಂತ ಕರೆಯುವಾಗಲೇ ಬೆಲೆ ಐವತ್ತು ಸಾವಿರ ಏರಿರುತ್ತದೆ. ನಾಲ್ಕು ಎಕರೆಯವನೂ ಅವರ ಲೆಕ್ಕಕ್ಕೆ ಪ್ಲಾಂಟರ್ರೇ.

ಹುಡುಕುವ ಮೊದಲು ಒಂದು ವಿಷಯ ತಿಳಿದಿರಬೇಕು. ಉದ್ದ ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗೆ ಇದ್ದರೆ ತೆರಿಗೆ ಕಡಿಮೆ ಅಂತ 2006ರಲ್ಲಿ ಸರ್ಕಾರ ನಿಯಮ ಮಾಡಿತು. ಆ ಅಳತೆಗೆ ಹೊಂದುವಂತೆ ಕತ್ತರಿಸಿ ಮಾಡಿದ್ದೇ ಈ ಸಣ್ಣ ಎಸ್‌ಯುವಿಗಳು. ನಮ್ಮ ಕಡೆ ಕಾಣುವ ಬ್ರೆಝಾ, ಇಕೋಸ್ಪೋರ್ಟ್, ನೆಕ್ಸಾನ್, ವೆನ್ಯೂ, ಸೋನೆಟ್ ಎಲ್ಲಾ ಎತ್ತರದ ಕಾರುಗಳೇ. ಇಂಜಿನ್ ಮುಂದೆ, ಎಳೆಯುವುದೂ ಮುಂದಿನ ಚಕ್ರ. ಜೀಪಿನ ಹಾಗೆ ಹಿಂದಿನಿಂದ ತಳ್ಳುವುದು ಈ ಗುಂಪಿನಲ್ಲಿ ಟಿಯುವಿ 300. 2021ರಲ್ಲಿ ಅದನ್ನು ತಿದ್ದಿ ಬೊಲೆರೊ ನಿಯೋ ಅಂತ ಹೆಸರಿಟ್ಟರು. ಅದಕ್ಕೆ ಜೀಪಿನಂತೆ ಬೇರೆಯೇ ಚಾಸಿ ಇದೆ. ನಾಲ್ಕೂ ಚಕ್ರ ಎಳೆಯುವ ಡಸ್ಟರ್ 2014ರಿಂದ ಬಂತು, ಹಳೇ ಡಸ್ಟರುಗಳಲ್ಲಿ ಅದು ಅಪರೂಪ. ಅದರ ಉದ್ದವೂ ನಾಲ್ಕು ಮೀಟರಿಗಿಂತ ಜಾಸ್ತಿ.

ಮುಂದಿನ ಚಕ್ರ ಎಳೆಯುವ ಗಾಡಿ ಏರಿನಲ್ಲಿ ಹೋಗುವಾಗ ಭಾರವೆಲ್ಲಾ ಹಿಂದಕ್ಕೆ ಜಾರುತ್ತದೆ. ಮುಂದಿನ ಚಕ್ರದ ಹಿಡಿತ ಕಡಿಮೆಯಾಗಿ, ಒದ್ದೆ ಮಣ್ಣಿನಲ್ಲಿ ಅಲ್ಲೇ ಗಿರಗಿರ ತಿರುಗುತ್ತದೆ. ಡಿಕ್ಕಿಯಲ್ಲಿ ಎರಡು ಮೂಟೆ ಗೊಬ್ಬರ ಹಾಕಿದರೆ ಇನ್ನೂ ಕಷ್ಟ. ಮೂಟೆ ತರಲೇಬೇಕಾದರೆ ಹಿಂದಿನ ಸೀಟಿನ ಕಾಲಡಿಗೆ, ಆದಷ್ಟು ಮುಂದಕ್ಕೆ ಇಡಬೇಕು. ತೀರಾ ಸಿಕ್ಕಿಕೊಂಡರೆ ರಿವರ್ಸ್ ಗೇರಿನಲ್ಲಿ ಏರು ಹತ್ತಿಸಿ ನೋಡಿ. ಆಗ ಎಳೆಯುವ ಚಕ್ರ ಇಳಿಜಾರಿನ ಕಡೆ ಬಂದು ಭಾರ ಅದರ ಮೇಲೆ ಬೀಳುತ್ತದೆ, ಎಷ್ಟೋ ಸಲ ಹತ್ತಿಬಿಡುತ್ತದೆ. ನಾನು ಎರಡು ಸಲ ಹಾಗೆ ಹತ್ತಿಸಿದ್ದೇನೆ, ಮಗ ನಕ್ಕಿದ್ದೂ ಆಗಿದೆ. ಮಳೆಗಾಲದಲ್ಲೂ ಪ್ರತಿದಿನ ಕೆಸರಿನ ಏರು ಹತ್ತಲೇಬೇಕು ಅನ್ನುವವರಿಗೆ ಈ ಜಾತಿಯ ಗಾಡಿ ಬೇಡವೇ ಬೇಡ, ಹಳೇ ಫೋರ್ ವೀಲ್ ಜೀಪೇ ಸೈ. ನಾನು ಆ ಮುನ್ನೂರು ಮೀಟರಿಗೆ ಕಲ್ಲು ಕೂರಿಸಿ, ಎರಡು ಗೆರೆ ಕಾಂಕ್ರೀಟ್ ಹಾಕಿಸಿದ ಮೇಲೆಯೇ ಎರಡನೇ ಗಾಡಿ ಹುಡುಕಿದ್ದು.

ನೆಲದಿಂದ ಹೊಟ್ಟೆಯ ಎತ್ತರ ಕಂಪನಿಯವರು ಹೇಳುವ ಪ್ರಕಾರ ಬ್ರೆಝಾ 198 ಮಿಲಿಮೀಟರ್, ಇಕೋಸ್ಪೋರ್ಟ್ 200, ಹಳೇ ಡಸ್ಟರ್ 205, ನೆಕ್ಸಾನ್ 209, ಟಿಯುವಿ 184. ಖಾಲಿ ಗಾಡಿಯ ಲೆಕ್ಕ ಇದು. ಐದು ಜನ ಕೂತರೆ ಇಳಿಯುತ್ತದೆ, ಸ್ಪ್ರಿಂಗ್ ಸೋತಿದ್ದರೆ ಇನ್ನೂ ಇಳಿಯುತ್ತದೆ. ಆದ್ದರಿಂದ ಅಂಕಿ ಬಿಟ್ಟು ಗಾಡಿಯ ಹೊಟ್ಟೆಯನ್ನೇ ನೋಡಬೇಕು.

ಮಲೆನಾಡಿನ ಗಾಡಿಯ ಗುರುತು

ಎರಡನೇ ಸಲ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡೇ ಹೋದೆ. ದಿನಕ್ಕೆ ಸಾವಿರದೈನೂರು, ಊಟ, ಬಸ್ ಚಾರ್ಜು. ಹನ್ನೊಂದು ಗಾಡಿ ನೋಡಿದೆವು. ಬಾಳ್ಳುಪೇಟೆಯಲ್ಲಿ ಒಂದು, ಆಲೂರಿನಲ್ಲಿ ಎರಡು, ಹಾಸನದಲ್ಲಿ ಐದು, ಉಳಿದವು ಮಂಗಳೂರು ಕಡೆಯವು. ಪ್ರತಿಯೊಂದರ ಅಡಿಗೂ ಅವನು ಒಂದು ಗೋಣಿ ಹಾಸಿಕೊಂಡು ನುಗ್ಗುತ್ತಿದ್ದ.

ಮಂಗಳೂರು, ಉಡುಪಿ ನೋಂದಣಿಯ ಗಾಡಿ, ಕೆಎ 19, ಕೆಎ 20, ಸಮುದ್ರಕ್ಕೆ ಹತ್ತಿರ ಇದ್ದದ್ದಾದರೆ ಉಪ್ಪುಗಾಳಿಗೆ ತಳ ತುಕ್ಕು ಹಿಡಿದಿರುತ್ತದೆ. ಬಾಗಿಲ ಕೆಳಗಿನ ಅಂಚು, ಜಾಕ್ ಕೊಡುವ ಜಾಗ, ಸೈಲೆನ್ಸರ್ ಕೊಳವೆ ಇವನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿ ನೋಡಬೇಕು. ಹೊಸದಾಗಿ ಕಪ್ಪು ಬಳಿದಿದ್ದರೆ ಅದರ ಕೆಳಗೆ ಏನಿದೆಯೋ ಅಂತ ಅನುಮಾನ ಪಡಬೇಕು. ಹಾಗಂತ ಕರಾವಳಿಯ ಗಾಡಿಯೆಲ್ಲಾ ಕೆಟ್ಟದ್ದಲ್ಲ. ನಮ್ಮ ಕೆಎ 46 ಗಾಡಿ ಅಂದರೆ ಚೊಕ್ಕ ಅಂತಲೂ ಅಲ್ಲ. ನಮ್ಮದರ ರೋಗವೇ ಬೇರೆ.

ಆಲೂರಿನಲ್ಲಿ ನೋಡಿದ ಒಂದು ಗಾಡಿ ಹೊರಗಿನಿಂದ ಕನ್ನಡಿ. ಡಿಕ್ಕಿಯ ಚಾಪೆ ಎತ್ತಿದರೆ ಮೂಲೆಯಲ್ಲಿ ನೀಲಿ ಹಸಿರು ಕಲೆ, ಅದರ ಸುತ್ತ ಲೋಹ ತಿಂದುಹೋಗಿದೆ. ಮೈಲುತುತ್ತ! ಮೇ ತಿಂಗಳಲ್ಲಿ ಬೋರ್ಡೋ ಹೊಡೆಯಲು ಮೈಲುತುತ್ತದ ಚೀಲ ತಂದಿದ್ದಾರೆ, ಪುಡಿ ಸೋರಿದೆ, ಮಳೆಯ ತೇವಕ್ಕೆ ಕರಗಿದೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ ಅನ್ನುವುದು ಕಬ್ಬಿಣದ ಬಕೆಟ್ಟಿನಲ್ಲಿ ಕಲಸಿದವರಿಗೆಲ್ಲಾ ಗೊತ್ತು. ಪೊಟ್ಯಾಷ್ ಕೂಡ ಉಪ್ಪೇ, ಅದೂ ತುಕ್ಕು ತರುತ್ತದೆ. ತೋಟದವರ ಗಾಡಿ ಕೊಳ್ಳುವಾಗ ಈ ಜಾಗ ನೋಡಲೇಬೇಕು. ನಮ್ಮ ಗಾಡಿಯಲ್ಲಿ ನಾವೂ ಇದನ್ನೇ ಮಾಡುತ್ತಿರುತ್ತೇವೆ ಅನ್ನುವುದು ಬೇರೆ ಮಾತು. ಈಗ ನಾನು ಒಂದು ಪ್ಲಾಸ್ಟಿಕ್ ಟ್ರೇ ಇಟ್ಟುಕೊಂಡಿದ್ದೇನೆ.

ಇಲಿಯದ್ದು ಇನ್ನೊಂದು. ಮಳೆಗಾಲದಲ್ಲಿ ಕಣದ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ಬಿಸಿ ಇಂಜಿನ್ ಮೇಲೆ ಇಲಿ ಗೂಡು ಮಾಡಿ ವೈರು ಕಡಿಯುತ್ತದೆ. ಬಾನೆಟ್ ಎತ್ತಿದಾಗ ವೈರುಗಳ ಮೇಲೆ ಕಂಪನಿಯ ಸುತ್ತು ಬಿಟ್ಟು ಹೊಸ ಕಪ್ಪು ಟೇಪು ಎಷ್ಟು ಕಡೆ ಇದೆ ಎಣಿಸಿ. ಒಂದು ಕಡೆ ಇದ್ದರೆ ಪರವಾಗಿಲ್ಲ. ನಾಲ್ಕೈದು ಕಡೆ ಇದ್ದರೆ ಮಳೆಗಾಲದಲ್ಲಿ ನಿಮ್ಮ ಕೆಲಸ ಅದೇ ಆಗುತ್ತದೆ.

ಮುಂದೆ ಎಳೆಯುವ ಕೊಂಡಿ ಬಗ್ಗಿದ್ದರೆ ಕೆಸರಿನಿಂದ ಟ್ರಾಕ್ಟರ್ ಕಟ್ಟಿ ಎಳೆದಿದ್ದಾರೆ ಅಂತ ಅರ್ಥ. ಇಂಜಿನ್ ಅಡಿಯ ತಗಡಿನಲ್ಲಿ ಕಲ್ಲು ಬಡಿದ ಗುಳಿ, ಎಣ್ಣೆಯ ಜಿನುಗು, ಮುಂದಿನ ಚಕ್ರದ ಹಿಂದಿರುವ ಆಕ್ಸಲಿನ ರಬ್ಬರ್ ಬೂಟು ಹರಿದು ಗ್ರೀಸ್ ಚೆಲ್ಲಿರುವುದು, ಲೋಯರ್ ಆರ್ಮಿನ ಬುಷ್ ಸೀಳಿರುವುದು, ಶಾಕ್ ಅಬ್ಸಾರ್ಬರ್ ಎಣ್ಣೆಯಲ್ಲಿ ಮಿಂದಿರುವುದು ಇವೆಲ್ಲಾ ಗೋಣಿಯ ಮೇಲೆ ಮಲಗಿದರೆ ಯಾರಿಗೂ ಕಾಣುತ್ತದೆ. ಇದರಲ್ಲಿ ಯಾವುದೂ ಗಾಡಿಯನ್ನು ಬಿಡಬೇಕಾದಷ್ಟು ದೊಡ್ಡದಲ್ಲ. ಬೆಲೆ ಕಡಿಮೆ ಮಾಡಿಸಲು ಬಹಳ ಉಪಯೋಗ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕೂ ಟೈರಿನದು ಓದಿಕೊಳ್ಳಿ. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರದ ಕೋನ ತಪ್ಪಿದೆ, ಕೆಲವೊಮ್ಮೆ ಹಿಂದೆ ಗುದ್ದಿಸಿದ್ದೂ ಕಾರಣ.

ಗುದ್ದಿಸಿದ ಗಾಡಿಯನ್ನು ಕಂಡುಹಿಡಿಯಲು ಬಣ್ಣ ನೋಡಬೇಡಿ, ಬೋಲ್ಟು ನೋಡಿ. ಬಾನೆಟ್, ಮುಂದಿನ ಮಡ್‌ಗಾರ್ಡ್, ಬಾಗಿಲಿನ ಕೀಲು ಇವುಗಳ ಬೋಲ್ಟಿನ ಮೇಲೆ ಕಂಪನಿಯ ಬಣ್ಣ ಹಾಗೇ ಇರಬೇಕು. ಸ್ಪ್ಯಾನರ್ ಹಾಕಿದ ಗುರುತಿದ್ದರೆ ಬಿಚ್ಚಿದ್ದಾರೆ. ಬಾನೆಟ್ ಒಂದನ್ನೇ ಬದಲಾಯಿಸಿದ್ದರೆ ಚಿಂತೆ ಇಲ್ಲ. ಬಾಗಿಲ ರಬ್ಬರ್ ಎಳೆದು ಅದರ ಕೆಳಗಿನ ಬೆಸುಗೆಯ ಚುಕ್ಕೆಗಳನ್ನು ನೋಡಿ, ಅವು ಒಂದೇ ಸಮ ಗುಂಡಗಿರುತ್ತವೆ. ಅಲ್ಲಿ ಕೈಬೆಸುಗೆ ಕಂಡರೆ ಗಾಡಿಯ ಕಂಬಕ್ಕೇ ಏಟು ಬಿದ್ದಿದೆ. ಅಂಥದ್ದು ಎಷ್ಟು ಅಗ್ಗಕ್ಕೆ ಬಂದರೂ ಬೇಡ.

ಬೆಳಿಗ್ಗೆ ಆರೂವರೆಗೆ ಹೋಗಿ

ಇಂಜಿನನ್ನು ತಣ್ಣಗಿರುವಾಗ ಚಾಲೂ ಮಾಡಿ ನೋಡಬೇಕು. ‘ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ. ಹಾಸನದ ಒಂದು ಕಡೆ ನಾವು ಏಳು ಗಂಟೆಗೆ ಹೋದರೆ ಇಂಜಿನ್ ಆಗಲೇ ಹಂಡೆಯ ಹಾಗೆ ಕಾದಿತ್ತು. ಹಾಲು ತರೋಕೆ ಹೋಗಿದ್ದೆ ಅಂದರು. ಹಾಲಿನ ಅಂಗಡಿ ಎದುರಿಗೇ ಇತ್ತು.

ಚಳಿಗೆ ಮೊದಲ ಕೆಲವು ಕ್ಷಣ ಬಿಳಿ ಹೊಗೆ ಬಂದು ನಿಂತರೆ ಹೆದರಬೇಕಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಾ, ತಂಪು ನೀರಿನ ಡಬ್ಬಿಯಲ್ಲಿ ಎಣ್ಣೆಯ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ಟಿನ ತೊಂದರೆ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಕಪ್ಪು ಹೊಗೆ ಡೀಸೆಲ್ ಪೂರ್ತಿ ಉರಿಯದ್ದು, ಫಿಲ್ಟರಿನಿಂದ ಹಿಡಿದು ನಾಜಲ್ ತನಕ ಯಾವುದೂ ಇರಬಹುದು. ಇಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಬೋರಲು ಇಡಿ. ಸ್ವಲ್ಪ ಅಲುಗಾಡಿದರೆ ಸರಿ. ಕುಣಿದು ಬಿದ್ದರೆ, ಅಲ್ಲಿಂದ ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗ್ ಸವೆದಿದೆ.

ಗುಡ್ಡದವರಿಗೆ ಇಂಜಿನ್ನಿಗಿಂತ ಮೊದಲು ಹೋಗುವುದು ಕ್ಲಚ್ಚು. ಸಮತಟ್ಟಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡಿ. ಇಂಜಿನ್ ತಕ್ಷಣ ಬಂದ್ ಆಗಬೇಕು. ಗೊರಗೊರ ಅನ್ನುತ್ತಾ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಒಂದು ಸಲ ಸಾಕು, ಪದೇ ಪದೇ ಮಾಡಿದರೆ ನಾವೇ ಸುಡುತ್ತೇವೆ. ಆಮೇಲೆ ಏರಿನಲ್ಲಿ ನಡುಮಧ್ಯೆ ನಿಲ್ಲಿಸಿ ಹೊರಡಿಸಿ ನೋಡಿ. ಕ್ಲಚ್ ಕಾಲಿಲ್ಲದೆ ತಾನೇ ಗೇರ್ ಬದಲಾಯಿಸುವ ಅಗ್ಗದ ಎಎಂಟಿ ಗಾಡಿಯಲ್ಲೂ ಒಳಗಿರುವುದು ಇದೇ ಕ್ಲಚ್ ಪ್ಲೇಟು. ಏರಿನಲ್ಲಿ ರೇಸಿನ ಮೇಲೇ ಹಿಡಿದು ನಿಲ್ಲಿಸುವವರ ಕೈಲಿ ಅದು ಬೇಗ ಸುಡುತ್ತದೆ.

ಬ್ರೇಕಿಗೆ ಒಂದು ಘಾಟಿಯೇ ಬೇಕು. ನಾವು ಮೆಚ್ಚಿದ ಗಾಡಿಯನ್ನು ಶಿರಾಡಿಯಲ್ಲಿ ಮಾರನಹಳ್ಳಿಗೆ ಇಳಿಸಿ ಮತ್ತೆ ಹತ್ತಿಸಿಕೊಂಡು ಬಂದೆವು. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಗುತ್ತದಾ, ಒಂದು ಪಕ್ಕಕ್ಕೆ ಎಳೆಯುತ್ತದಾ, ಕೆಳಗೆ ಮುಟ್ಟುವಾಗ ಪೆಡಲು ಮೊದಲಿಗಿಂತ ಮೆತ್ತಗಾಗಿದೆಯಾ. ಬ್ರೇಕ್ ಎಣ್ಣೆ ಹಳತಾದರೆ ಗಾಳಿಯ ತೇವ ಹೀರಿಕೊಂಡಿರುತ್ತದೆ, ಉದ್ದ ಇಳಿಜಾರಿನಲ್ಲಿ ಕಾದು ಗುಳ್ಳೆ ಬರುತ್ತದೆ, ಆಗ ಪೆಡಲು ಮೆತ್ತಗಾಗುತ್ತದೆ. ಊರೊಳಗೆ ಎರಡು ಸುತ್ತು ಹೊಡೆದರೆ ಇದು ಗೊತ್ತಾಗುವುದಿಲ್ಲ.

ಹತ್ತುವಾಗ ನೋಡಬೇಕಾದ್ದು ಟರ್ಬೊ. ಬ್ರೆಝಾದ ಹಳೇ 1248 ಸಿಸಿ ಡೀಸೆಲ್ ಇಂಜಿನ್ 200 ಎನ್‌ಎಂ ಎಳೆತ ಕೊಡುವುದು 1750 ಸುತ್ತಿನ ಮೇಲೆ. ಅದಕ್ಕಿಂತ ಕೆಳಗೆ ಬಿಟ್ಟರೆ ತಿರುವಿನಲ್ಲಿ ಸತ್ತ ಹಾಗೆ. ಅದು ದೋಷವಲ್ಲ, ಅದರ ಸ್ವಭಾವ, ಗೇರ್ ಇಳಿಸಬೇಕು. ಗೇರ್ ಇಳಿಸಿದರೂ ಏಳದೆ, ಹಿಂದೆ ಕಪ್ಪು ಹೊಗೆ ಬಂದರೆ ಟರ್ಬೊ ಅಥವಾ ಅದರ ಗಾಳಿ ಕೊಳವೆ ನೋಡಿಸಬೇಕು.

ಎಷ್ಟು ಓಡಿದೆ ಅನ್ನುವುದರ ಮೇಲೆ ಎಲ್ಲರಿಗೂ ಮೋಹ. ಮೀಟರ್ ತಿರುಗಿಸುವುದು ಈಗ ಹತ್ತು ನಿಮಿಷದ ಕೆಲಸ. 38 ಸಾವಿರ ತೋರಿಸುವ ಗಾಡಿಯ ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ, ಸ್ಟಿಯರಿಂಗ್ ಹೊಳೆಯುತ್ತಿದ್ದರೆ ನಂಬಬೇಡಿ. ಕಂಪನಿ ಸರ್ವಿಸಿನ ಬಿಲ್ಲುಗಳನ್ನು ಮಾಲೀಕರಿಂದಲೇ ತರಿಸಿಕೊಳ್ಳಿ, ಅದರಲ್ಲಿ ತಾರೀಕು, ಕಿಲೋಮೀಟರ್ ಎರಡೂ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತೋಟದೊಳಗೆ ಒಂದು ಎರಡನೇ ಗೇರಿನಲ್ಲಿ 40 ಸಾವಿರ ಓಡಿದ್ದಕ್ಕಿಂತ ಹೆದ್ದಾರಿಯಲ್ಲಿ 90 ಸಾವಿರ ಓಡಿದ್ದು ವಾಸಿ. ಕಿಲೋಮೀಟರ್ ಜಾಸ್ತಿ ಆದದ್ದರಲ್ಲಿ ಒಂದು ಲೆಕ್ಕ ಮಾತ್ರ ನೋಡಿಕೊಳ್ಳಿ: ಟೈಮಿಂಗ್ ಬೆಲ್ಟು. ಬ್ರೆಝಾದ ಹಳೇ ಡೀಸೆಲಿಗೆ ಸರಪಳಿ ಇದೆ. ಹಳೇ ಡಸ್ಟರ್ ಡೀಸೆಲ್, ಇಕೋಸ್ಪೋರ್ಟ್ ಡೀಸೆಲ್‌ಗೆ ಬೆಲ್ಟು. ಕಂಪನಿ ಹೇಳಿದ ಅವಧಿಗೆ ಬದಲಾಯಿಸಿದ ಬಿಲ್ಲು ಇಲ್ಲದಿದ್ದರೆ ಆ ಖರ್ಚು ನಿಮ್ಮದು ಅಂತ ಮೊದಲೇ ಕಳೆದುಬಿಡಿ. ಓಡುವಾಗ ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ ಕೆಲಸಕ್ಕೇ ಬರುತ್ತದೆ. ಫೋರ್ಡ್ ಕಂಪನಿ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಇಕೋಸ್ಪೋರ್ಟ್ ಅಗ್ಗವಾಗಿ ಸಿಗುತ್ತಿದೆ. ಗಾಡಿ ಗಟ್ಟಿ. ಕೊಳ್ಳುವವರು ಬಿಡಿಭಾಗ ಎಲ್ಲಿ ಸಿಗುತ್ತದೆಂದು ನಿಮ್ಮ ಮೆಕ್ಯಾನಿಕ್ಕನ್ನು ಕೇಳಿಕೊಂಡೇ ಮುಂದುವರಿಯಬೇಕು.

2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ನೋಡುತ್ತಿದ್ದರೆ ಇನ್ನೊಂದು ಸಂಗತಿ. ಅದರ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಜರಡಿ ಇದೆ. ಆ ಮಸಿ ತಾನೇ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ಮನೆ, ತೋಟ, ಡೇರಿ, ಮತ್ತೆ ಮನೆ ಅಂತ ಎರಡು ಮೂರು ಕಿಲೋಮೀಟರ್ ತಿರುಗುವವರಿಗೆ ಜರಡಿ ಕಟ್ಟಿಕೊಂಡು ದೀಪ ಹತ್ತುತ್ತದೆ. ಅಂಥವರಿಗೆ ಪೆಟ್ರೋಲೇ ಒಳ್ಳೆಯದು, ಎಣ್ಣೆ ಸ್ವಲ್ಪ ಜಾಸ್ತಿ ಕುಡಿದರೂ.

ಚಳಿ ದೇಶದಲ್ಲಿ ಏಸಿ ಯಾಕೆ ಅಂತ ನಮ್ಮವರು ಅದನ್ನು ನೋಡುವುದಿಲ್ಲ. ಜುಲೈನಲ್ಲಿ ಒಳಗಿನ ಗಾಜಿಗೆ ಮಂಜು ಕೂತಾಗ ಏಸಿ ಇಲ್ಲದಿದ್ದರೆ ದಾರಿಯೇ ಕಾಣದು. ಏಸಿ ಗಾಳಿಯ ತೇವ ತೆಗೆಯುತ್ತದೆ, ಗಾಜು ಕ್ಷಣದಲ್ಲಿ ತಿಳಿಯಾಗುತ್ತದೆ. ಮೇಲೆ ಕಿಟಕಿ ಇರುವ ಗಾಡಿಯಾದರೆ ಒಂದು ಬಿಂದಿಗೆ ನೀರು ಹೊಯ್ದು ನೋಡಿ. ನೀರು ಹರಿದುಹೋಗುವ ಸಣ್ಣ ಕೊಳವೆ ಸಿಲ್ವರ್ ಮರದ ಎಲೆ ಕಟ್ಟಿ ಒಳಗೆ ಸೋರುತ್ತದೆ.

ಕಾಗದ

ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿನೊಂದಿಗೆ ನಿಮ್ಮ ಕಣ್ಣಾರೆ ಹೊಂದಿಸಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ನೋಂದಣಿ ತಾರೀಕು, ಇನ್ಶೂರೆನ್ಸ್, ಸಾಲ ಇದೆಯೇ ಅನ್ನುವುದು ಬರುತ್ತದೆ. ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಡಬೇಕು. ‘ತೀರಿದೆ, ಆಮೇಲೆ ತೆಗೆಸಿಕೊಡ್ತೀನಿ’ ಅನ್ನುವುದಕ್ಕೆ ಒಪ್ಪಬೇಡಿ. ಬೆಂಗಳೂರಿನ ಗಾಡಿಯಾದರೆ ಟ್ರಾಫಿಕ್ ದಂಡ ಎಷ್ಟು ಬಾಕಿ ಇದೆ ನೋಡಿ, ಕೆಲವಕ್ಕೆ ಹತ್ತು ಸಾವಿರದ ಮೇಲೆ ಇರುತ್ತದೆ. ಹೊರರಾಜ್ಯದ್ದು, ಅದರಲ್ಲೂ ದೆಹಲಿಯದ್ದು, ಅಗ್ಗಕ್ಕೆ ಬರುತ್ತದೆ. 2015ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ಕಡಿವಾಣ ಹಾಕಿದ್ದೇ ಅದಕ್ಕೊಂದು ಕಾರಣ. ಇಲ್ಲಿಗೆ ತಂದರೆ ಅಲ್ಲಿಯ ಎನ್‌ಒಸಿ ಬೇಕು, ಕರ್ನಾಟಕದ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಅದನ್ನು ಸೇರಿಸಿದ ಮೇಲೆ ಅಗ್ಗ ಉಳಿಯುತ್ತದೆಯೇ ನೋಡಿ.

ಬೆಲೆಯ ಮಾತು. ನಾನು 2025ರ ಜನವರಿಯಲ್ಲಿ ಕೊನೆಗೆ ಕೊಂಡದ್ದು ಹಾಸನದ ನಿವೃತ್ತ ಮೇಷ್ಟ್ರೊಬ್ಬರ 2018ರ ಬ್ರೆಝಾ ಡೀಸೆಲ್. 7 ಲಕ್ಷ 40 ಹೇಳಿದರು. ಮುಂದಿನ ಎರಡು ಟೈರು ಹಳತು, ಒಂದು ಬುಷ್ ಸೀಳಿತ್ತು, ಕ್ಲಚ್ ಅರ್ಧ ಆಯುಸ್ಸು. ಮೆಕ್ಯಾನಿಕ್ಕು ಇವುಗಳ ಖರ್ಚನ್ನು ಚೀಟಿಯಲ್ಲಿ ಬರೆದು ಅವರ ಮುಂದಿಟ್ಟ. ಅವರೂ ಲೆಕ್ಕದ ಮೇಷ್ಟ್ರು, 6 ಲಕ್ಷ 85ಕ್ಕೆ ಒಪ್ಪಿದರು. ಈಗ ಕೊಳ್ಳುವವರಿಗೆ ಇನ್ನೊಂದು ಅನುಕೂಲ ಇದೆ. 2025ರ ಸೆಪ್ಟೆಂಬರ್ 22ರಿಂದ ಈ ಸಣ್ಣ ಅಳತೆಯ ಹೊಸ ಗಾಡಿಗಳ ಮೇಲಿನ ಜಿಎಸ್‌ಟಿಯನ್ನು 28ರಿಂದ 18ಕ್ಕೆ ಇಳಿಸಿದ್ದಾರೆ. ಹೊಸದೇ ಅಗ್ಗವಾದ ಮೇಲೆ ಹಳತಕ್ಕೆ ಹಳೇ ಬೆಲೆ ಕೇಳುವುದು ನ್ಯಾಯವಲ್ಲ. ಅದೇ ಮಾದರಿಯ ಹೊಸ ಗಾಡಿಯ ಇವತ್ತಿನ ಬೆಲೆಯ ಚೀಟಿ ಜೇಬಲ್ಲಿಟ್ಟುಕೊಂಡು ಹೋಗಿ.

ಮುಳುಗಿದ ಆ ಮೊದಲ ಗಾಡಿ ಎರಡು ಮಳೆಗಾಲ ನಮ್ಮ ಕಣದ ಮೂಲೆಯಲ್ಲಿ ನಿಂತಿತ್ತು. ತೊಳೆದು ನಿಲ್ಲಿಸಿದರೆ ಈಗಲೂ ನೋಡಲು ಚೆಂದವೇ. ಪರಿಚಯದವರೊಬ್ಬರು ನಾಲ್ಕು ಲಕ್ಷಕ್ಕೆ ಕೇಳಿದರು, ಮಗಳ ಮದುವೆಯ ಓಡಾಟಕ್ಕೆ ಬೇಕಂತೆ. ಮನೆಯವಳು ಒಳಗಿನಿಂದಲೇ, ‘ಅಣ್ಣಾ, ಅದರ ಬೆಲ್ಟ್ ಎಳೆದು ನೋಡಿ’ ಅಂದಳು. ಅವರು ಕಾಫಿ ಕುಡಿದು ಹೋದರು. ಆಮೇಲೆ ಆಲೂರು ಕಡೆಯ ಗ್ಯಾರೇಜಿನವರೊಬ್ಬರು ಎಲ್ಲಾ ಗೊತ್ತಿದ್ದೇ 1 ಲಕ್ಷ 60 ಸಾವಿರಕ್ಕೆ ತೆಗೆದುಕೊಂಡರು, ವೈರಿಂಗ್ ಪೂರ್ತಿ ಹೊಸದು ಹಾಕುತ್ತಾರಂತೆ. ಫಾರಂ 29, 30ಕ್ಕೆ ಸಹಿ ಹಾಕಿ ಖಾಲಿ ಬಿಟ್ಟು ಕೊಡಿ, ನಾವು ತುಂಬಿಕೊಳ್ಳುತ್ತೇವೆ ಅಂದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ, ಗಾಡಿ ಎಷ್ಟು ಕೈ ದಾಟಿದ್ದರೂ ಸರಿ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಕಲೇಶಪುರದ ಆರ್‌ಟಿಒ ಕಚೇರಿಗೆ ಇಬ್ಬರೂ ಜೊತೆಗೇ ಹೋಗಿ ಅರ್ಜಿ ಕೊಟ್ಟೆವು. ಆರ್‌ಸಿ ಅವರ ಹೆಸರಿಗಾದ ಮೇಲೆಯೇ ಎರಡನೇ ಕೀ ಕೊಟ್ಟದ್ದು.